ಏನೂ ಮಾಡಲ್ಲ, ಬನ್ನಿ

ನಾಯಿ ಸಾಕಿದವರ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ಸುಳ್ಳಿದೆ. “ಏನೂ ಮಾಡಲ್ಲ, ಬನ್ನಿ.” ಉಣುಗೋಲಿನ ಆಚೆ ಒಬ್ಬ ಮನುಷ್ಯ ಕೊಡೆಯನ್ನು ಗುರಾಣಿಯಂತೆ ಹಿಡಿದು ನಿಂತಿರುತ್ತಾನೆ. ಈಚೆ ನಾಯಿ ಹಲ್ಲು ಕಿಸಿದು ಕುಣಿಯುತ್ತಿರುತ್ತದೆ. ಮನೆಯ ಯಜಮಾನಿ ಜಗಲಿಯ ಮೇಲಿಂದಲೇ, ಕೈಯಲ್ಲಿದ್ದ ಅಕ್ಕಿಯ ಮೊರವನ್ನೂ ಕೆಳಗಿಡದೆ, ಈ ಮಾತು ಹೇಳುತ್ತಾಳೆ. ಆ ಯಜಮಾನಿ ಬೇರೆ ಯಾರೂ ಅಲ್ಲ, ನಾನೇ. ಆರು ವರ್ಷ ಹೀಗೆ ಹೇಳಿದ್ದೇನೆ.

ನಮ್ಮ ಭೈರ ಬಂದದ್ದು 2015ರ ಮಳೆಗಾಲದಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮಂಥ ಒಂಟಿ ಮನೆಗಳಿಗೆ ನಾಯಿಯನ್ನು ಯಾರೂ ಕೊಂಡು ತರುವುದಿಲ್ಲ, ಅದು ತಾನಾಗಿಯೇ ಬರುತ್ತದೆ. ಬಿದಿರು ಮೆಳೆಯ ಬುಡದಲ್ಲಿ ನೆನೆದು ಕುಂಯ್‌ಗುಡುತ್ತಿದ್ದ ಮರಿಯನ್ನು ನಮ್ಮನೆಯವರು ಟವೆಲಿನಲ್ಲಿ ಸುತ್ತಿ ತಂದರು. “ನಾಯಿ ಗೀಯಿ ಜಗಲಿ ಹತ್ತಬಾರದು” ಎಂದು ಗದರಿದ ಅತ್ತೆಯೇ ಸಂಜೆ ಹಾಲು ಹಾಕಿದರು. 2019ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂರು ತಿಂಗಳು ಅವನು ಅವರ ಕೋಣೆಯ ಹೊಸ್ತಿಲು ಬಿಟ್ಟು ಕದಲಲಿಲ್ಲ. ರಾತ್ರಿ ಅತ್ತೆ ನರಳಿದರೆ ಬಂದು ನನ್ನನ್ನು ಎಬ್ಬಿಸುತ್ತಿದ್ದುದೂ ಅವನೇ. ಬಾಳೆಗೊನೆಗೆ ಮಂಗ ಬರಲಿಲ್ಲ, ಅಂಗಳಕ್ಕೆ ಹಂದಿ ಇಳಿಯಲಿಲ್ಲ. ಇಂಥವನ ಮೇಲೆ ಯಾರಾದರೂ ದೂರು ಹೇಳಿದರೆ ಮನೆಯವರು ನಂಬುತ್ತಾರೆಯೇ?

ದೂರುಗಳು ಬಂದದ್ದಂತೂ ನಿಜ. ಮೊದಲು ಪಾತ್ರೆ ಮಾರುವವನ ಲುಂಗಿ ಹರಿಯಿತು. ಹೊಸ ಲುಂಗಿಯ ದುಡ್ಡು ಕೊಟ್ಟು, ಅವನು ಹೋದಮೇಲೆ ಎಲ್ಲರೂ ನಕ್ಕೆವು. ಆಮೇಲೆ ಕರೆಂಟಿನ ಮೀಟರ್ ನೋಡುವವನ ಮೀನಖಂಡ. ಅಂದಿನಿಂದ ಅವನು ಒಳಗೆ ಬರುವುದನ್ನೇ ಬಿಟ್ಟು, “ಎಷ್ಟಾಯ್ತು ನೋಡಿ ಹೇಳ್ರಮ್ಮಾ” ಎಂದು ರಸ್ತೆಯಿಂದಲೇ ಕೂಗತೊಡಗಿದ. ಮೂರನೆಯದು ಪೋಸ್ಟ್‌ಮನ್ನರ ಕೈ. ಪ್ರತಿಸಲವೂ ನಮ್ಮಲ್ಲಿ ಒಂದು ಸಮಜಾಯಿಷಿ ಇರುತ್ತಿತ್ತು. ಅವನು ಕೊಡೆ ಬೀಸಿದ, ಇವರು ಓಡಿದರು, ಅವನ ಚೀಲದಲ್ಲಿ ಮೀನಿನ ವಾಸನೆಯಿತ್ತು. ಭೈರ ಸುಮ್ಮಸುಮ್ಮನೆ ಕಚ್ಚುವವನಲ್ಲ! ಕಾರಿನಲ್ಲಿ ಬಂದಿಳಿಯುವ ನೆಂಟರಲ್ಲಿ ಒಬ್ಬರನ್ನೂ ಅವನು ಮುಟ್ಟಿರಲಿಲ್ಲ ಎನ್ನುವುದು ಆಗ ಹೆಮ್ಮೆಯ ವಿಷಯವಾಗಿತ್ತು. ಹೆಗಲ ಮೇಲೆ ಚೀಲ ಹೊತ್ತು ನಡೆದು ಬರುವವರನ್ನು ನಾವು ಯಾವ ದನಿಯಲ್ಲಿ “ಯಾರದು?” ಎಂದು ಕೇಳುತ್ತಿದ್ದೆವೋ ಆ ದನಿಯನ್ನು ನಾಯಿ ದಿನಾ ಕೇಳಿಸಿಕೊಳ್ಳುತ್ತಿತ್ತು. ಇದು ಹೊಳೆದದ್ದು ಬಹಳ ತಡವಾಗಿ.

2021ರ ಡಿಸೆಂಬರ್, ಅಡಿಕೆ ಕೊಯ್ಲಿನ ಕಾಲ. ಸುಲಿಯಲು ಬರುವ ಹೆಂಗಸರಲ್ಲಿ ಒಬ್ಬಾಕೆ (ಹೆಸರು ಬೇಡ, ಅವಳು ಈ ಪುರವಣಿ ಓದುತ್ತಾಳೆ) ಮೆಟ್ಟುಗತ್ತಿಯ ಮುಂದೆ ಕೂತಿದ್ದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಅವಳ ಎಂಟು ವರ್ಷದ ಮಗಳೂ ಬಂದಿದ್ದಳು. ಒಂದು ಅಡಿಕೆ ಉರುಳಿಕೊಂಡು ಹೋಗಿ ಭೈರನ ಅನ್ನದ ತಟ್ಟೆಯ ಹತ್ತಿರ ನಿಂತಿತು. ಹುಡುಗಿ ಎತ್ತಿಕೊಳ್ಳಲು ಬಗ್ಗಿದಳು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ, ಮೊಣಕೈ ಕೆಳಗೆ ಬಾಯಿ ಹಾಕಿ ಜಗ್ಗಿಬಿಟ್ಟ.

ನಾನು ಅರಿಶಿನದ ಡಬ್ಬಿ ತರಲು ಒಳಗೆ ಓಡಿದೆ. ಹೊರಗೆ ಬರುವಷ್ಟರಲ್ಲಿ ಆ ತಾಯಿ ಮಗಳನ್ನು ನಲ್ಲಿಯ ಕೆಳಗೆ ಕೂರಿಸಿಕೊಂಡು, ಬಟ್ಟೆ ಒಗೆಯುವ ಸೋಪಿನಿಂದ ಗಾಯ ತೊಳೆಯುತ್ತಿದ್ದಳು. “ಅರಿಶಿನ ಬ್ಯಾಡಮ್ಮಾ, ಏನೂ ಹಚ್ಚಬಾರ್ದಂತೆ. ಕಾಲು ಗಂಟೆ ತೊಳೀಬೇಕಂತೆ. ಆಶಾ ಅಕ್ಕ ಹೇಳಿದ್ರು” ಎಂದಳು. ಹರಿಯುವ ನೀರಿನಲ್ಲಿ 15 ನಿಮಿಷ ಸೋಪು ಹಾಕಿ ತೊಳೆಯುವುದೇ ಮೊದಲ ಔಷಧ, ರೇಬಿಸ್ ವೈರಸ್ಸಿನ ಹೊರಗಿನ ಕೊಬ್ಬಿನ ಪೊರೆಯನ್ನು ಸೋಪು ಒಡೆಯುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರೂ ಹೇಳಿದರು. ಡಿಗ್ರಿ ಓದಿದ ನಾನು ಡಬ್ಬಿ ಹಿಡಿದು ನಿಂತಿದ್ದೆ.

ನಾನು ಚಿಕ್ಕವಳಿದ್ದಾಗ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಹೆದರಿಸುತ್ತಿದ್ದರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ತಯಾರಿಸಿದ, ಕುರಿಯ ಮಿದುಳಿನಿಂದ ಮಾಡುವ ಲಸಿಕೆ ಅದು. ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈ ಹುಡುಗಿಗೆ ತೋಳಿನಲ್ಲಿ, ಚರ್ಮದೊಳಗೆ ಸಣ್ಣ ಸೂಜಿ. ಅದೇ ದಿನ, ಆಮೇಲೆ 3, 7 ಮತ್ತು 28ನೇ ದಿನ. ಆದರೆ ಹಲ್ಲು ಆಳಕ್ಕೆ ಇಳಿದಿದ್ದರಿಂದ ಮೊದಲ ದಿನ ಗಾಯದೊಳಗೇ ಇಮ್ಯುನೋಗ್ಲೋಬ್ಯುಲಿನ್ ಚುಚ್ಚಬೇಕಾಯಿತು. ಅವಳು ಚೀರಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಭೈರನಿಗೆ ವರ್ಷಕ್ಕೊಮ್ಮೆ ಹಾಕಿಸಬೇಕಾದ ರೇಬಿಸ್ ಲಸಿಕೆ ಕೊರೋನಾ ಗಲಾಟೆಯಲ್ಲಿ ಎರಡು ವರ್ಷ ತಪ್ಪಿಹೋಗಿತ್ತು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ನಾಯಿಗಾಗಲಿ ಔಷಧಿಯಿಲ್ಲ. “ನಾಯಿಯನ್ನು 10 ದಿನ ಕಟ್ಟಿಹಾಕಿ ನೋಡಿ. ಅಷ್ಟು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದರ್ಥ. ಹಾಗಂತ ಮಗುವಿನ ಸೂಜಿಯನ್ನು ಕಾಯಿಸಬೇಡಿ” ಎಂದರು ಡಾಕ್ಟರು.

ಆ ಹತ್ತು ದಿನ ನಾನು ಪ್ರತಿದಿನ ಬೆಳಿಗ್ಗೆ ಭೈರ ನೀರು ಕುಡಿಯುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಹುಡುಗಿಗೆ ಏನಾದೀತೋ ಎನ್ನುವುದಕ್ಕಿಂತ ಮೊದಲು ನನ್ನ ಎದೆ ಹೊಡೆದುಕೊಂಡದ್ದು ಭೈರನನ್ನು ಕಳೆದುಕೊಳ್ಳಬೇಕಾದೀತೋ ಎಂದು.

ಏಳನೇ ದಿನ ಆಸ್ಪತ್ರೆಗೆ ಕರೆದೊಯ್ಯಲು ಅವರ ಮನೆಗೆ ಹೋದೆ. ಕೂಲಿ ಕಳೆದುಕೊಂಡ ದಿನಗಳ ದುಡ್ಡನ್ನೂ ಹಿಡಿದಿದ್ದೆ. ಅವಳು ದುಡ್ಡು ತೆಗೆದುಕೊಂಡಳು. ನಾನು ಮತ್ತೆ, “ಅವನು ಹಂಗೆ ಕಚ್ಚೋನಲ್ಲ ಕಣೇ, ಅವತ್ತು ಏನಾಯ್ತೋ” ಎಂದು ಶುರುಮಾಡಿದೆ. ಅವಳು ತಲೆ ಎತ್ತದೆ, “ನಿಮಗೆ ಅದು ಕಚ್ಚಲ್ಲ ಅಮ್ಮಾ. ನಿಮಗೆ ಹೆಂಗೆ ಗೊತ್ತಾಗ್ಬೇಕು” ಎಂದಳು. ಆ ಕೊಯ್ಲಿಗೆ ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಸಲಹೆ ಕೊಡುವವರಿಗೇನೂ ಬರವಿರಲಿಲ್ಲ. ಗೋಣಿಚೀಲದಲ್ಲಿ ಹಾಕಿ ಘಟ್ಟದ ಕೆಳಗೆ ಬಿಟ್ಟುಬನ್ನಿ ಎಂದರು ಒಬ್ಬರು. ಅಲ್ಲಿರುವವರಿಗೂ ಕಾಲಿದೆಯಲ್ಲ! ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ ಕೂಡ. ಇನ್ನೊಬ್ಬರು ಮಾತೇ ಆಡದೆ ಗೋಡೆಯ ಮೇಲಿದ್ದ ಕೋವಿಯನ್ನು ನೋಡಿದರು. ಬೆಂಗಳೂರಿನಿಂದ ಮಗ ಫೋನಿನಲ್ಲಿ ಅತ್ತ. ಅತ್ತೆ ಊಟ ಬಿಟ್ಟರು. ಅಂದಹಾಗೆ, ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಹಳೆಯ ದಂಡಸಂಹಿತೆಯಲ್ಲೂ ಇಂಥದೇ ಕಲಮಿತ್ತು. ನಮ್ಮ ಮೇಲೆ ಯಾರೂ ದೂರು ಕೊಡಲಿಲ್ಲ. ಏಕೆ ಕೊಡಲಿಲ್ಲ ಎಂದು ಕೇಳಿಕೊಂಡರೆ ಮತ್ತೆ ಆ ಕಾರು, ಚೀಲಗಳ ಲೆಕ್ಕಕ್ಕೇ ಬರಬೇಕಾಗುತ್ತದೆ.

ಹತ್ತು ದಿನ ಕಳೆದ ಮೇಲೆ ಪಶುವೈದ್ಯರು ಬಂದರು. ಕಚ್ಚುವ ಮೊದಲು ಗುರುಗುಟ್ಟುತ್ತದೆಯೇ ಎಂದು ಕೇಳಿದರು. “ಮರಿಯಾಗಿದ್ದಾಗ ಊಟದ ಹೊತ್ತಿಗೆ ಗುರ್ ಅಂತಿತ್ತು. ನಾಲ್ಕು ಬಾರಿಸಿ ಆ ಚಟ ಬಿಡಿಸಿದೀನಿ” ಎಂದರು ನಮ್ಮನೆಯವರು, ಸ್ವಲ್ಪ ಜಂಬದಿಂದಲೇ.

“ಅದು ಚಟ ಅಲ್ಲ ಸ್ವಾಮಿ, ಅದರ ಮಾತು. ಹತ್ತಿರ ಬರಬೇಡಿ ಅಂತ ಹೇಳೋದಕ್ಕೆ ಅದಕ್ಕಿದ್ದದ್ದು ಅದೊಂದೇ. ಅದನ್ನ ಬಿಡಿಸಿದಿರಿ, ಹಲ್ಲು ಹಾಗೇ ಉಳೀತು” ಎಂದರು. ಬಾಲ ಆಡಿಸಿದರೆಲ್ಲ ಸ್ನೇಹವಲ್ಲ, ಬಾಲ ಮೇಲೆತ್ತಿ ಸೆಟೆದು ಆಡಿಸಿದರೆ ದೂರ ನಿಲ್ಲಬೇಕು ಎಂದೂ ಹೇಳಿಕೊಟ್ಟರು. ಕಿವಿಯೊಳಗೆ ಹಳೆಯ ಸೋಂಕಿತ್ತು, ನೋವಿನ ನಾಯಿ ಬೇಗ ಕೆರಳುತ್ತದಂತೆ. ಔಷಧಿ ಕೊಟ್ಟು ಹೊರಟವರನ್ನು ಅತ್ತೆ ಕೇಳಿದರು, “ಇನ್ನು ಕಚ್ಚಲ್ಲ ಅಲ್ವಾ ಡಾಕ್ಟ್ರೇ?” ಅವರು ಚಪ್ಪಲಿ ಮೆಟ್ಟುತ್ತಾ ಹೇಳಿದರು: “ಹಾಗಂತ ಬರೆದುಕೊಡಲ್ಲಮ್ಮ. ಕಚ್ಚುವ ನಾಯಿ ಅಂತ ತಿಳಿದುಕೊಂಡೇ ಇಟ್ಟುಕೊಳ್ಳಿ. ಹಾಗೆ ಇಟ್ಟುಕೊಳ್ಳೋಕೆ ಆಗಲ್ಲ ಅಂದ್ರೆ ಹೇಳಿ, ಒಂದು ಇಂಜೆಕ್ಷನ್ನಲ್ಲಿ ನಿದ್ದೆ ಬರಿಸ್ತೀನಿ.”

ಆ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ನಮ್ಮನೆಯವರು ಪೇಟೆಗೆ ಹೋಗಿ ಕಬ್ಬಿಣದ ಬಲೆ ತಂದರು. ಕೊಟ್ಟಿಗೆಯ ಪಕ್ಕ ಭೈರನಿಗೊಂದು ಆವರಣವಾಯಿತು. ಒಂದು ಬಾಗಿಲು ತೆರೆದರೂ ಇನ್ನೊಂದು ಹಾಕಿರಬೇಕೆಂದು ಎರಡು ಬಾಗಿಲು. ಸುಮಾರು ಒಂದು ಕ್ವಿಂಟಾಲ್ ಅಡಿಕೆಯ ದುಡ್ಡು ಹೋಯಿತು. ತೋಟಕ್ಕೆ ಕರೆದೊಯ್ಯುವಾಗ ಬಾಯಿಕುಕ್ಕೆ. ಹಿಂದೆ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಿದ್ದರಲ್ಲ, ಅಂಥದೇ. ಅದು ಹಾಕಿದ್ದರೂ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಬರುವಂಥದ್ದನ್ನೇ ಹುಡುಕಿ ತರಿಸಿದೆವು. ಅತ್ತೆಯ ಹೊಸ್ತಿಲು ಖಾಲಿಯಾಯಿತು. ಮೊದಲ ವಾರ ಅವನು ಅಲ್ಲಿಂದ, ಅತ್ತೆ ಇಲ್ಲಿಂದ, ಇಬ್ಬರೂ ಊಳಿಟ್ಟರು ಎಂದರೆ ಅತ್ತೆ ಬೇಸರಿಸಬಾರದು. ಆ ವರ್ಷ ಬಾಳೆಗೊನೆ ಒಂದೂ ನಮಗೆ ಸಿಗಲಿಲ್ಲ, ಎಲ್ಲ ಮಂಗಗಳ ಪಾಲು.

ಮುಂದಿನ ವರ್ಷದ ಕೊಯ್ಲಿಗೆ ಆ ಹೆಂಗಸು ಮತ್ತೆ ಬಂದಳು. ಬಲೆಯನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ ಕೆಲಸಕ್ಕೆ ಕೂತಳು. ಭೈರನ ಮೂತಿ ಈಗ ನರೆತಿದೆ. ಹುಡುಗಿ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾಳೆ, ಕೈಯ ಕಲೆ ಮಾಸಿಲ್ಲ. ಶನಿವಾರ ಬಂದರೆ ಉಣುಗೋಲಿನ ಆಚೆಯೇ ನಿಂತು ಕೂಗುತ್ತಾಳೆ.

“ಅಮ್ಮಾ, ಭೈರನ್ನ ಹಾಕಿದೀರಾ?”

ಹಾಕಿದ್ದೇನೆಂದು ನನಗೆ ಗೊತ್ತಿರುತ್ತದೆ. ಆದರೂ ಮೊರ ಕೆಳಗಿಟ್ಟು, ಕೊಟ್ಟಿಗೆಯ ತನಕ ಹೋಗಿ, ಎರಡೂ ಬಾಗಿಲಿನ ಚಿಲಕ ಎಳೆದು ನೋಡಿ ಬಂದು, “ಹಾಕಿದೀನಿ, ಬಾ” ಎನ್ನುತ್ತೇನೆ. ಚಿಲಕದ ಸದ್ದು ಕೇಳಿಸಿಕೊಂಡ ಮೇಲೆಯೇ ಅವಳು ಗಳು ಸರಿಸಿ ಒಳಗೆ ಬರುವುದು.