ಸಿಮೆಂಟಿನ ತೆರಿಗೆ ಇಳಿಯಿತು. ಸಣ್ಣ ದುರಸ್ತಿಯ ಬೆಲೆ ಏಕೆ ಇಳಿಯಲಿಲ್ಲ?

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದಿದೆ. ಮಳೆಗಾಲ ಮುಗಿದು ತಾರಸಿಯ ಬಿರುಕು, ಸನ್‌ಶೇಡಿನಿಂದ ಕಳಚಿದ ಸಾರಣೆ, ಕುಸಿದ ಮೆಟ್ಟಿಲು ಕಣ್ಣಿಗೆ ಬೀಳುವ ಹೊತ್ತಿಗೇ ಬಂದ ಈ ಸುದ್ದಿ ಕಾಸರಗೋಡಿನ ನಮ್ಮ ಮನೆಗಳಲ್ಲಿ ಸಣ್ಣದೊಂದು ನಿರೀಕ್ಷೆಯನ್ನು ಹುಟ್ಟಿಸಿತು. ತೆರಿಗೆ ಇಳಿದ ಮೇಲೆ ದುರಸ್ತಿಯ ಖರ್ಚೂ ಇಳಿಯಬೇಕಲ್ಲವೇ? ಮೇಸ್ತ್ರಿ ಹೇಳುವ ಮೊತ್ತ ಹಾಗೆಯೇ ಉಳಿದಾಗ ನಮ್ಮ ಸಂಶಯ ನೇರವಾಗಿ ಅವರ ಮೇಲೆ ತಿರುಗುತ್ತದೆ. ಈ ಸಂಶಯ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ತೆರಿಗೆ ಸೇರಿ 400 ರೂಪಾಯಿಗೆ ಸಿಗುತ್ತಿದ್ದ ಒಂದು ಚೀಲ ಸಿಮೆಂಟನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೂಲಬೆಲೆ 312 ರೂಪಾಯಿ 50 ಪೈಸೆ, ಉಳಿದದ್ದು ತೆರಿಗೆ. ಹೊಸ ದರದಲ್ಲಿ ಅದೇ ಚೀಲಕ್ಕೆ ಸುಮಾರು 369 ರೂಪಾಯಿ. ಕಂಪೆನಿಯೂ ವ್ಯಾಪಾರಿಯೂ ಇಳಿಕೆಯನ್ನು ಪೂರ್ಣವಾಗಿ ದಾಟಿಸಿದರೆ ನಮಗೆ ಉಳಿಯುವುದು ಚೀಲವೊಂದಕ್ಕೆ ಸುಮಾರು 31 ರೂಪಾಯಿ. ನೂರಾರು ಚೀಲ ಬೇಡುವ ಹೊಸ ಮನೆಗೆ ಇದು ಗಣನೀಯ ಉಳಿತಾಯ. ಎರಡು ಚೀಲದ ದುರಸ್ತಿಗೆ ಎಷ್ಟು?

ಅಂಗಳದಿಂದ ಜಗಲಿಗೆ ಹತ್ತುವಲ್ಲಿ ಒಡೆದುಹೋದ 6 ಅಡಿ ಉದ್ದ, 5 ಅಡಿ ಅಗಲದ ನೆಲವನ್ನು 4 ಇಂಚು ದಪ್ಪಕ್ಕೆ ಹೊಸದಾಗಿ ಹಾಕಬೇಕೆಂದು ಇಟ್ಟುಕೊಳ್ಳೋಣ. ಏಳನೆಯ ತರಗತಿಯ ಮಗುವೂ ಹೇಳಬಲ್ಲ ಲೆಕ್ಕ ಇದು: 10 ಘನ ಅಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಹೊಯಿಗೆ, ನಾಲ್ಕು ಪಾಲು ಜಲ್ಲಿಯ ಮಿಶ್ರಣಕ್ಕೆ ಸುಮಾರು 2 ಚೀಲ ಸಿಮೆಂಟು, ನಾಲ್ಕೂವರೆ ಘನ ಅಡಿ ಹೊಯಿಗೆ, 9 ಘನ ಅಡಿ ಜಲ್ಲಿ ಬೇಕು. ಮುಂದಿನ ಮೊತ್ತಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರವನ್ನು ಹಾಕಿಕೊಳ್ಳಬೇಕು. ಸಿಮೆಂಟಿಗೆ 740, ಹೊಯಿಗೆ ಮತ್ತು ಜಲ್ಲಿಗೆ 800, ಸಾಗಾಟಕ್ಕೆ 500 ರೂಪಾಯಿ. ಹಳೆಯದನ್ನು ಒಡೆದು ತೆಗೆಯಲು ಒಂದು ದಿನ, ಹೊಸದನ್ನು ಹಾಕಲು ಒಂದು ದಿನ. ಮೇಸ್ತ್ರಿಗೆ ದಿನಕ್ಕೆ 1,200, ಸಹಾಯಕರಿಗೆ 1,000 ಎಂದಾದರೆ ಎರಡು ದಿನದ ಕೂಲಿ 4,400. ಒಟ್ಟು 6,440. ಹತಾರು, ಓಡಾಟ, ಲಾಭವೆಂದು ಶೇಕಡ 15 ಸೇರಿಸಿದರೆ ಸುಮಾರು 7,400 ರೂಪಾಯಿ.

ಈ 7,400ರಲ್ಲಿ ತೆರಿಗೆ ಇಳಿಕೆಯ ಪಾಲು ಬರಿಯ 62 ರೂಪಾಯಿ. ಮೊತ್ತದ ಅರ್ಧಕ್ಕಿಂತ ಹೆಚ್ಚು ಭಾಗ ಕೂಲಿ. ಆದುದರಿಂದ ಸಿಮೆಂಟಿನ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ರಾಜ್ಯವಾರು ಅಂಕಿಅಂಶಗಳ ಪ್ರಕಾರ 2022-23ರಲ್ಲಿ ಗ್ರಾಮೀಣ ನಿರ್ಮಾಣ ಕಾರ್ಮಿಕರ ಸರಾಸರಿ ದಿನಗೂಲಿ ಕೇರಳದಲ್ಲಿ 852 ರೂಪಾಯಿ, ದೇಶದಲ್ಲಿ 393 ರೂಪಾಯಿ. ಗಡಿಯಾಚೆಯ ನೆಂಟರು ತಮ್ಮೂರಿನ ದರವನ್ನು ಹೇಳಿದಾಗ ನಮ್ಮ ಮೇಸ್ತ್ರಿ ದುಬಾರಿಯೆನಿಸುವುದಕ್ಕೆ ಇದೂ ಒಂದು ಕಾರಣ. ಆ ಕೂಲಿಯನ್ನು ಪಡೆಯುವವರಲ್ಲಿ ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆಯರೂ ಇದ್ದಾರೆ ಎಂಬುದನ್ನು ನಾವು ಮರೆಯಲಾಗದು. ನ್ಯಾಯವಾದ ಬೆಲೆಯೆಂದರೆ ಅತಿ ಕಡಿಮೆ ಬೆಲೆಯಲ್ಲ.

ನಮ್ಮನ್ನು ದಾರಿ ತಪ್ಪಿಸುವ ಇನ್ನೊಂದು ಅಳತೆಗೋಲು ಚದರಡಿಯ ದರ. ಮೇಲಿನ ಕೆಲಸ 30 ಚದರಡಿಯದು; ಚದರಡಿಗೆ ಸುಮಾರು 247 ರೂಪಾಯಿ ಬಿದ್ದಿತು. ಅದೇ ಕೆಲಸ 300 ಚದರಡಿಯದಾಗಿದ್ದರೆ ಈ ದರ ಬಹಳಷ್ಟು ಇಳಿಯುತ್ತಿತ್ತು. ಹತಾರು ಹೊತ್ತು ಬರುವುದು, ಹೊಯಿಗೆ ತರಿಸುವುದು, ಅರ್ಧ ದಿನದ ಕೆಲಸಕ್ಕೂ ಪೂರ್ತಿ ದಿನವನ್ನು ಮೀಸಲಿಡುವುದು ಸಣ್ಣ ಕೆಲಸಕ್ಕೂ ದೊಡ್ಡ ಕೆಲಸಕ್ಕೂ ಒಂದೇ. ಹಾಗಾಗಿ ಚದರಡಿಗೆ ಎಷ್ಟು ಎಂದು ಕೇಳುವ ಬದಲು ಎಷ್ಟು ಜನ, ಎಷ್ಟು ದಿನ, ಎಷ್ಟು ಸಾಮಗ್ರಿ ಎಂದು ಕೇಳಬೇಕು. ನೆರೆಮನೆಯವರ ಕೆಲಸವನ್ನೂ ಕೂಡಿಸಿ ಒಟ್ಟಿಗೆ ಮಾಡಿಸಿದರೆ ಇಬ್ಬರಿಗೂ ಉಳಿತಾಯವಾಗುತ್ತದೆ.

ಹೆಚ್ಚು ಎಚ್ಚರ ಬೇಕಾದುದು ತಾರಸಿಯ ಅಡಿಭಾಗದಿಂದ ಕಾಂಕ್ರೀಟು ಕಳಚಿ ಕಬ್ಬಿಣದ ಸರಳು ಕಾಣಿಸಿಕೊಂಡಾಗ. ಕಡಲ ಗಾಳಿಯ ಉಪ್ಪು ಮತ್ತು ತಿಂಗಳುಗಟ್ಟಲೆ ಸುರಿಯುವ ಮಳೆ ನಮ್ಮ ಕರಾವಳಿಯ ಮನೆಗಳಿಗೆ ತಪ್ಪಿದ್ದಲ್ಲ. ತೇವ ಒಳಗಿಳಿದಾಗ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿ ಹೊರದಬ್ಬುತ್ತದೆ. ಇಂಥ ಕಡೆ ಒಬ್ಬರು 2,000 ರೂಪಾಯಿ, ಇನ್ನೊಬ್ಬರು 8,000 ರೂಪಾಯಿ ಹೇಳಿದರೆಂದು ಭಾವಿಸೋಣ. ಮೊದಲನೆಯವರು ಕಳಚಿದ ಜಾಗಕ್ಕೆ ಸಾರಣೆ ಮೆತ್ತುವವರು. ಎರಡನೆಯವರು ಸುತ್ತಲೂ ತಟ್ಟಿ ನೋಡಿ, ಟೊಳ್ಳು ಸದ್ದು ಬರುವಷ್ಟನ್ನೂ ಕೆತ್ತಿ, ಸರಳಿನ ಹಿಂಬದಿಯವರೆಗೆ ತೆರೆದು, ತಂತಿಯ ಬ್ರಶ್ಶಿನಿಂದ ತುಕ್ಕು ತೆಗೆದು, ತುಕ್ಕುನಿರೋಧಕ ಬಳಿದು, ಹಳೆಯದಕ್ಕೆ ಹೊಸದು ಹಿಡಿಯುವಂತೆ ಅಂಟು ಲೇಪ ಕೊಟ್ಟು, ಪದರ ಪದರವಾಗಿ ಗಾರೆ ತುಂಬುವವರು. ಮೇಲಿನಿಂದ ನೀರು ಇಳಿಯುವ ದಾರಿಯನ್ನೂ ಅವರು ಮುಚ್ಚುತ್ತಾರೆ. ತುಕ್ಕನ್ನು ಒಳಗೇ ಬಿಟ್ಟು ಮುಚ್ಚಿದ ತೇಪೆ ಒಂದೆರಡು ಮಳೆಗಾಲದಲ್ಲಿ ಮತ್ತೆ ಬೀಳಬಹುದು. ಬೀಳುವ ಜಾಗದ ಕೆಳಗೆ ನಮ್ಮ ಮಕ್ಕಳು ಓದಲು ಕೂರುತ್ತಾರೆ, ಮಲಗುತ್ತಾರೆ. 2,000ದ ಕೆಲಸ ಅಗ್ಗವೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಹಾಗೆಂದು ಹೆಚ್ಚು ಹೇಳಿದವರೆಲ್ಲ ಪ್ರಾಮಾಣಿಕರೆಂದೂ ಅಲ್ಲ. ಕೂದಲೆಳೆಯ ಬಿರುಕನ್ನು ತೋರಿಸಿ ಇಡೀ ತಾರಸಿಗೆ ದುಬಾರಿ ಲೇಪ ಹಾಕಿಸಲು, ಸ್ಲಾಬನ್ನೇ ಒಡೆಯಿಸಲು ಹೆದರಿಸುವವರೂ ಇದ್ದಾರೆ. ಸಾರಣೆಯಲ್ಲಷ್ಟೇ ಇರುವ ಬಿರುಕು ಬೇರೆ. ತೊಲೆ ಅಥವಾ ಕಂಬದಲ್ಲಿ ಸರಳಿನ ಉದ್ದಕ್ಕೂ ಬೆಳೆಯುವ ಬಿರುಕು ಬೇರೆ. ಸರಳು ಸವೆದು ತೆಳ್ಳಗಾಗಿದ್ದರೆ, ಸ್ಲಾಬು ಜಗ್ಗಿದ್ದರೆ ಮೇಸ್ತ್ರಿಯ ಮಾತಿನ ಮೇಲೆ ನಿಲ್ಲದೆ ಇಂಜಿನಿಯರೊಬ್ಬರಿಗೆ ತೋರಿಸಬೇಕು. ಕೆಲಸವನ್ನು ಗುತ್ತಿಗೆ ಹಿಡಿಯದವರ ಅಭಿಪ್ರಾಯಕ್ಕೆ ಕೊಡುವ ಶುಲ್ಕ ನಷ್ಟವಲ್ಲ.

ಇಲ್ಲಿ ಭಾಷೆಯ ಪ್ರಶ್ನೆಯೂ ಬರುತ್ತದೆ. ನಮ್ಮಲ್ಲಿ ಅಂದಾಜುಪಟ್ಟಿ ಬರುವುದು ಸಾಮಾನ್ಯವಾಗಿ ಬಾಯಿಮಾತಿನಲ್ಲಿ, ಇಲ್ಲವೇ ಮೊಬೈಲಿನಲ್ಲಿ ಬರುವ ಮಲಯಾಳದ ನಾಲ್ಕು ಸಾಲಿನಲ್ಲಿ. ಮಲಯಾಳವನ್ನು ಆಡಬಲ್ಲ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಅದನ್ನು ಓದಲು ಬಾರದು. ‘ಎಲ್ಲಾ ಸೇರಿ’ ಎಂದು ಒಪ್ಪಿದ ಮೊತ್ತದಲ್ಲಿ ಒಡೆದ ಕಾಂಕ್ರೀಟನ್ನು ಸಾಗಿಸುವುದು ಸೇರಿತ್ತೇ, ತುಕ್ಕುನಿರೋಧಕ ಸೇರಿತ್ತೇ ಎಂಬ ಜಗಳ ಆಮೇಲೆ ಹುಟ್ಟುತ್ತದೆ. ಪರಿಹಾರ ಕಷ್ಟದ್ದಲ್ಲ. ಕೆಲಸದ ಜಾಗ ಮತ್ತು ಅಳತೆ, ಮಾಡುವ ಹಂತಗಳು, ಸಾಮಗ್ರಿ ಯಾರದು, ಎಷ್ಟು ದಿನ, ಮುಂಗಡ ಎಷ್ಟು, ಮತ್ತೆ ಕಳಚಿದರೆ ಯಾರ ಹೊಣೆ ಎಂಬ ಆರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ನಾವೇ ಬರೆದು, ಪಕ್ಕದಲ್ಲಿ ಮಲಯಾಳದಲ್ಲೂ ಬರೆಸಿ, ಇಬ್ಬರೂ ಸಹಿ ಹಾಕಿದರೆ ಸಾಕು. ಮನೆಯ ಮಕ್ಕಳಿಗೆ ಎರಡೂ ಲಿಪಿ ತಿಳಿದಿದ್ದರೆ ಈ ಕೆಲಸವನ್ನು ಅವರೇ ಮಾಡಿಯಾರು.

ಹಣ ಕೊಡುವ ಕ್ರಮವೂ ಬೆಲೆಯ ಭಾಗವೇ. ಸಾಮಗ್ರಿಯ ಮಟ್ಟಿಗೆ ಮುಂಗಡ, ಕೆಲಸ ಮುಗಿದಾಗ ಬಹುಪಾಲು, ನೀರು ಹಾಕಿ ಆರೈಕೆ ಮುಗಿದ ಮೇಲೆ ಉಳಿದ ಸಣ್ಣ ಪಾಲು ಎಂಬುದು ಇಬ್ಬರಿಗೂ ಸಮಾಧಾನದ ದಾರಿ. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದನ್ನು ಕನಿಷ್ಠ 10 ದಿನ ಒದ್ದೆಯಾಗಿ ಇಡಬೇಕು. ಇದು ಹೆಚ್ಚಾಗಿ ಮನೆಯವರ ಪಾಲಿನ ಕೆಲಸ. ನಾವು ನೀರು ಹಾಕದೆ ಮೇಸ್ತ್ರಿಯನ್ನು ದೂರುವುದು ಸರಿಯಲ್ಲ. ಮಳೆ ಹತ್ತಿರವಾದ ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಕರೆಯುವುದರಿಂದ ಆಳೂ ಸಿಗದು, ಬಾವಿಯಲ್ಲಿ ನೀರೂ ಕಡಿಮೆ. ಡಿಸೆಂಬರ್, ಜನವರಿಯಲ್ಲೇ ಮಾಡಿಸಿದರೆ ಮಾತುಕತೆಗೂ ಆರೈಕೆಗೂ ಅವಕಾಶವಿರುತ್ತದೆ.

ಒಪ್ಪಂದ ಮುರಿದರೆ ದಾರಿ ಇಲ್ಲವೆಂದಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಲು 2 ವರ್ಷಗಳ ಅವಧಿಯಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ಅಲ್ಲಿ ಬಾಯಿಮಾತಿಗೆ ಬಲ ಕಡಿಮೆ. ಸಹಿ ಹಾಕಿದ ಹಾಳೆ, ಸಾಮಗ್ರಿಯ ಬಿಲ್ಲು, ಕೆಲಸಕ್ಕೆ ಮೊದಲು ಮತ್ತು ಆಮೇಲೆ ತೆಗೆದ ಚಿತ್ರಗಳು ಇರಬೇಕು.

ತೆರಿಗೆ ಇಳಿದುದರ ಫಲ ಎರಡು ಚೀಲದ ಕೆಲಸದಲ್ಲಿ 62 ರೂಪಾಯಿ. ಸರಿಯಾಗಿ ಕೇಳಿ ಬರೆಸಿಕೊಂಡ ಒಂದು ಹಾಳೆಯ ಫಲ ಅದಕ್ಕಿಂತ ಎಷ್ಟೋ ಹೆಚ್ಚು. ಈ ಬಾರಿ ಮೇಸ್ತ್ರಿಯವರು ಬರುವ ಮುನ್ನ ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟು, ಒಡೆದ ಜಾಗವನ್ನು ಅಳೆದು ಬರೆದಿಡೋಣ. ಮಾತುಕತೆ ಅಲ್ಲಿಂದ ಆರಂಭವಾಗಲಿ.