ಬಾಗಿಲಿಗೆ ಬಂದು ನೀರು ಕೇಳಿದವರು

ಕಳೆದ ಭಾನುವಾರ ಸೋದರಳಿಯನ ಒತ್ತಾಯಕ್ಕೆ ಮಣಿದು, 2012ರಲ್ಲಿ ತೆರೆಕಂಡ ‘ದಂಡುಪಾಳ್ಯ’ ಚಲನಚಿತ್ರವನ್ನು ನೋಡಿದೆ. ನಿರ್ದೇಶಕರು ಶ್ರೀನಿವಾಸರಾಜು, ಮುಖ್ಯ ಪಾತ್ರದಲ್ಲಿ ಪೂಜಾ ಗಾಂಧಿ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಕೊಲೆ, ದರೋಡೆಗಳಿಂದ ಜನರನ್ನು ನಡುಗಿಸಿದ ತಂಡವನ್ನು ಆಧರಿಸಿದ ಕಥೆ. ನೀರು ಕೇಳುವ ನೆಪದಲ್ಲಿ ಮನೆಯೊಳಗೆ ನುಗ್ಗಿ ಕತ್ತು ಕೊಯ್ಯುವವರು. ನನ್ನ ಶ್ರೀಮತಿ ಅರ್ಧಕ್ಕೇ ಎದ್ದುಹೋದಳು. ನಾನು ಕೊನೆಯವರೆಗೂ ಕುಳಿತೆ.

“ಹೇಗಿತ್ತು ಮಾವ?” ಎಂದ ಅಳಿಯ.

“ಮೆಚ್ಚುವಂಥ ಮನುಷ್ಯ ಒಬ್ಬನಾದರೂ ಇಲ್ಲವಲ್ಲಪ್ಪ” ಎಂದೆ.

“ಕೊಲೆಗಡುಕರನ್ನ ಮೆಚ್ಚೋ ಹಾಗೆ ತೋರಿಸಿದ್ರೆ ಅದು ತಪ್ಪಲ್ವಾ?” ಎಂದು ಅವನು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅವನ ಮಾತು ನ್ಯಾಯವಾದುದೇ. ಮೆಚ್ಚಲಾಗದ ಪಾತ್ರಗಳು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. 13ನೆಯ ಶತಮಾನದ ಆದಿಯಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯ ಅಮೃತಮತಿಯು ಮಾವುತ ಅಷ್ಟಾವಂಕನಿಗೆ ಮನಸೋತು, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತರಗತಿಯಲ್ಲಿ ನಾನು ಆ ಕಥೆಯನ್ನು ಅರ್ಧ ನುಂಗಿಕೊಂಡೇ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದರೆ ಸಾಯುವ ಯಶೋಧರನನ್ನು ನಾವು ಚೆನ್ನಾಗಿ ಬಲ್ಲೆವು. ಕತ್ತಿ ಹಿರಿದವನು ತಡೆದು ನಿಂತದ್ದನ್ನು, ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದನ್ನು, ಅದು ಕೂಗಿದಾಗ ಕಂಗೆಟ್ಟದ್ದನ್ನು ಕಂಡಿದ್ದೇವೆ. ಆದುದರಿಂದಲೇ ಆ ಸಾವು ನಮ್ಮನ್ನು ತಟ್ಟುತ್ತದೆ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಕ್ಕೂ ಜನ್ಮಜನ್ಮಗಳ ಲೆಕ್ಕವಿಟ್ಟ ಕವಿ ಆತ.

ಚಿತ್ರದಲ್ಲಿ ನನಗೆ ಕಾಣದೆ ಹೋದದ್ದು ಇದೇ. ಕೊಂದವರ ಮುಖ, ನಗು, ಬೀಡಿಯ ಹೊಗೆ ಎಲ್ಲವೂ ಕಣ್ಣಿನಲ್ಲಿ ಉಳಿದಿವೆ. ಸತ್ತವರಲ್ಲಿ ಒಬ್ಬರ ಹೆಸರೂ ನೆನಪಿಲ್ಲ. ನಿಜವಾಗಿ ಸತ್ತವರಿಗೆ ಹೆಸರಿತ್ತು. ಅವರ ಒಲೆಯ ಮೇಲೆ ಹಾಲು ಇದ್ದಿರಬೇಕು, ಶಾಲೆಯಿಂದ ಮರಳುವ ಮಕ್ಕಳಿದ್ದಿರಬೇಕು. ಕ್ರೌರ್ಯವನ್ನು ತೋರಿಸಲೇಬಾರದೆಂದು ನಾನು ಹೇಳಲಾರೆ. ಅದಕ್ಕೆ ತುತ್ತಾದವರನ್ನು ಬರಿಯ ರಕ್ತದ ಕಲೆಯಾಗಿಸಬಾರದು ಎಂಬುದಷ್ಟೇ ನನ್ನ ವಾದ.

ಮಂಗಳವಾರ ಮಧ್ಯಾಹ್ನ, ಉರಿಬಿಸಿಲಿನಲ್ಲಿ ಪೊರಕೆಯ ಹೊರೆ ಹೊತ್ತ ಅಪರಿಚಿತ ಹೆಂಗಸೊಬ್ಬಳು ಗೇಟಿನ ಬಳಿ ನಿಂತು, “ಒಂದು ಲೋಟ ನೀರು ಕೊಡ್ರಮ್ಮ” ಎಂದಳು. ಶ್ರೀಮತಿ ನನ್ನ ಮುಖ ನೋಡಿದಳು. ನನ್ನ ಕೈಯೂ ಚಿಲಕದ ಮೇಲೆ ತಡೆದು ನಿಂತಿತು. ಬಂದವರಿಗೆ ಬೆಲ್ಲದ ಚೂರಿನೊಡನೆ ನೀರು ಕೊಡುತ್ತಿದ್ದ ಮನೆಯಲ್ಲಿ ಬೆಳೆದವನು ನಾನು! ನನಗೇ ನಾಚಿಕೆಯಾಯಿತು. ಬಾಗಿಲು ತೆರೆದು ಚೊಂಬಿನ ತುಂಬ ನೀರು ಕೊಟ್ಟೆ. ಆಕೆ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡ ಮೇಲೆ, ಹೆಸರೇನಮ್ಮ ಎಂದು ಕೇಳಿದೆ.