ಸಹಿ ಹಾಕುವ ಕೈ ಯಾರದು?

ಮಲ್ಲಾಪುರದ ಕಡೆಯ ಒಂದು ಸರ್ಕಾರಿ ಶಾಲೆಗೆ ಮತ್ತೆ ಎಸ್.ಡಿ.ಎಂ.ಸಿ. ಚುನಾವಣೆ ಬಂದಿದೆ. ಈಗಿನ ಅಧ್ಯಕ್ಷೆ ನಮ್ಮ ಕೇರಿಯ ಅಕ್ಕ. ಗದ್ದೆ ಕೂಲಿಯವರು, ನಾಲ್ಕನೇ ಇಯತ್ತೆ ಓದಿದವರು. ಹೆಸರು ಬರೆಯುವುದಿಲ್ಲ; ಬರೆದರೆ ನಾಳೆ ಅವರಿಗೆ ಕೂಲಿ ತಪ್ಪುತ್ತದೆ. ಅವರನ್ನು ಇಳಿಸಬೇಕೆಂದು ಅಂಗಡಿ ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ತೀರ್ಮಾನ ಮಾಡಿ ಆಗಿದೆ. ‘ಅವಳಿಗೆ ಲೆಕ್ಕ ಓದೂಕೆ ಬರೂದಿಲ್ಲ’ ಎಂಬುದು ದೂರು.

ಬರುವುದಿಲ್ಲ, ನಿಜ. ಅದಕ್ಕೇ ಪ್ರತಿ ಸಭೆಯಲ್ಲೂ ‘ಗಟ್ಟಿಯಾಗಿ ಓದಿ ಹೇಳಿ ಮಾಸ್ತರ್ರೆ, ಎಲ್ಲರಿಗೂ ಕೇಳಲಿ’ ಅಂತಾರೆ. ಓದಲು ಬರುವ ಗಂಡಸರು ಅಧ್ಯಕ್ಷರಾಗಿದ್ದಾಗ ಲೆಕ್ಕವನ್ನು ಯಾರು ಓದಿದ್ದರು ಸ್ವಾಮಿ? ಸಹಿ ಮಾತ್ರ ಬೀಳುತ್ತಿತ್ತು. ಸಮಿತಿಯ ಖಾತೆಯಿಂದ ಹಣ ತೆಗೆಯಲು ಮುಖ್ಯೋಪಾಧ್ಯಾಯರ ಸಹಿಯ ಪಕ್ಕ ಅಧ್ಯಕ್ಷರ ಸಹಿ ಬೇಕು. ಸಿಟ್ಟೆಲ್ಲ ಇರುವುದು ಅಲ್ಲಿ. ಹಂಚು ಹೊದಿಸಿದ ಬಿಲ್ಲು ತಂದವನಿಗೆ ಅಕ್ಕ ಅಂದರು: ‘ಮಳೆ ಬರಲಿ. ಸೋರದಿದ್ರೆ ಸಹಿ.’ ಮಳೆ ಬಂತು. ಸೋರಿತು. ಸಹಿ ಬೀಳಲಿಲ್ಲ.

ಇನ್ನೊಂದು ದೂರು ಅಡುಗೆಮನೆಯದು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಿಸಿಯೂಟ ಬೇಯಿಸಲು ಮುಕ್ರಿ ಹೆಂಗಸೊಬ್ಬರು ಬಂದಾಗ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದವು. ಅಕ್ಕ ಜಗಳಕ್ಕೆ ಹೋಗಲಿಲ್ಲ. ಹದಿನೈದು ದಿನ ಅರ್ಧ ಕೂಲಿ ಬಿಟ್ಟು ಬಂದು ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಬಿಸಿ ಸಾರಿನ ಪರಿಮಳಕ್ಕೆ ಜಾತಿ ಎಲ್ಲಿ? ಡಬ್ಬಿಗಳು ಒಂದೊಂದಾಗಿ ನಿಂತವು. ಇದು ಯಾರ ದಯೆಯೂ ಅಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದೇ ಹೇಳಿದೆ. ದಿಲ್ಲಿಯ ಮಾತು ಊರ ಒಲೆ ಮುಟ್ಟಬೇಕಲ್ಲ! 2025ರ ಜೂನ್‌ನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯಿಂದ ಪೋಷಕರು ಮಕ್ಕಳ ಟಿ.ಸಿ. ತೆಗೆದರು. ದಲಿತ ಮಹಿಳೆ ಅಡುಗೆ ಮಾಡುವುದೇ ಕಾರಣ ಎಂದು ಪತ್ರಿಕೆಗಳು ಬರೆದವು. ಪಾಠ ಸರಿಯಿಲ್ಲ ಎಂದು ಕೆಲವು ಪೋಷಕರು ಅಂದರು. ನಮ್ಮ ಶಾಲೆಯಲ್ಲಿ ಒಂದೂ ಟಿ.ಸಿ. ಹೋಗಲಿಲ್ಲ. ಇದು ಸಾಧನೆ ಅಲ್ಲವೆಂದರೆ ಮತ್ತೇನು?

ಹಳೆಯದನ್ನು ಸ್ವಲ್ಪ ನೆನೆಯಿರಿ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸರ್ಕಾರಿ ಹಣದ ಬಾವಿ, ಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಿರಿ ಎಂದು 1923ರಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಅದೇ 1923ರ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳ ಕೈಗೆ ಕೊಟ್ಟಿತು. ಬಾಗಿಲು ತೆರೆಯಿತು ಕಾಗದದ ಮೇಲೆ. ಬೀಗದ ಕೈ ಹೋದದ್ದು ಊರ ದೊಡ್ಡವರ ಸೊಂಟಕ್ಕೆ. 2001ರಲ್ಲಿ ಅಣು ವಿಜ್ಞಾನಿ ರಾಜಾ ರಾಮಣ್ಣನವರ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಈ ಎಸ್.ಡಿ.ಎಂ.ಸಿ.ಗಳು ಬಂದವು. (ಕೈಗಾದ ನೆರಳಿನಲ್ಲಿರುವ ನಮಗೆ ಅಣು ವಿಜ್ಞಾನಿಯಿಂದ ಇದೂ ಬಂತು ನೋಡಿ.) 2009ರ ಶಿಕ್ಷಣ ಹಕ್ಕು ಕಾಯಿದೆ ಇನ್ನೂ ಬಿಗಿ ಮಾಡಿತು: ಸಮಿತಿಯ ಮುಕ್ಕಾಲು ಪಾಲು ಮಕ್ಕಳ ಪೋಷಕರು, ಅರ್ಧ ಹೆಂಗಸರು, ಹಿಂದುಳಿದವರಿಗೆ ಅವರ ಪಾಲು. ಕಟ್ಟೆಯ ನಾಲ್ವರ ಮಕ್ಕಳೂ ಈ ಶಾಲೆಯಲ್ಲಿಲ್ಲ, ದುಡ್ಡು ಕಟ್ಟುವ ಶಾಲೆಗೆ ಹೋಗುತ್ತಾರೆ. ತಾವು ನಿಲ್ಲುವಂತಿಲ್ಲ. ಅದಕ್ಕೇ ತಮ್ಮ ಮನೆಯ ಆಳನ್ನು ನಿಲ್ಲಿಸಿದ್ದಾರೆ. ಅವನೂ ಬಡವನೇ, ಅವನ ಮೇಲೆ ನಮಗೆ ಸಿಟ್ಟಿಲ್ಲ.

ಆಗದ ಕೆಲಸವೂ ಇದೆ, ಮುಚ್ಚಿಡುವುದಿಲ್ಲ. ಕಾಂಪೌಂಡು ಅರ್ಧಕ್ಕೆ ನಿಂತಿದೆ. ಇಂಗ್ಲಿಷ್ ಮಾಸ್ತರರ ಜಾಗ ಖಾಲಿ. ಅಕ್ಕ ಅದಕ್ಕಾಗಿ ಎರಡು ಸಲ ಕಾರವಾರಕ್ಕೆ ಬಸ್ಸು ಹತ್ತಿದರು. ಅರ್ಜಿ ಬರೆದುಕೊಡುತ್ತೇವೆಂದ ಬಿ.ಎ. ಪದವೀಧರರಾದ ನಾವು ಎರಡು ತಿಂಗಳು ತಡ ಮಾಡಿದೆವು. ಕವಿತೆ ಬರೆಯುತ್ತಿದ್ದೆವು! ಈ ತಪ್ಪನ್ನು ಅಕ್ಕನ ಲೆಕ್ಕಕ್ಕೆ ಬರೆಯಬೇಡಿ.

ಹಾಸ್ಟೆಲ್ ಗೆಳೆಯರೇ, ಅಲ್ಲಿ ನಿಮಗೆ ಓಟಿಲ್ಲ. ನಿಮ್ಮ ತಮ್ಮ-ತಂಗಿಯರು ಓದುತ್ತಿದ್ದರೆ ನಿಮ್ಮ ಅಪ್ಪ-ಅವ್ವನಿಗೆ ಇದೆ. ಸಭೆಯನ್ನು ಬೇಕೆಂದೇ ನೆಟ್ಟಿಯ ದಿನ ಬೆಳಿಗ್ಗೆ ಹತ್ತಕ್ಕೆ ಇಡಿಸಿದ್ದಾರೆ; ಕೂಲಿಯವರು ಬರಬಾರದು ಅಂತ. ಹಿಂದಿನ ಸಂಜೆಯ ಬಸ್ಸಿಗೇ ಊರಿಗೆ ಹೋಗಿ. ಅವ್ವನನ್ನು ಶಾಲೆಗೆ ಕಳಿಸಿ, ಅವಳ ಸಾಲಿನಲ್ಲಿ ನೀವು ಸಸಿ ಹಿಡಿದು ಗದ್ದೆಗೆ ಇಳಿಯಿರಿ. ನಾವೂ ಬರುತ್ತೇವೆ.

ಜೈ ಭೀಮ್.